ತುಟಿಯ ಕೆಲಸ, ಹಿತ್ತಾಳೆಯ ಹೆಸರು

ಶಿವಮೊಗ್ಗದಲ್ಲಿ ಸ್ಯಾಕ್ಸೋಫೋನ್ ಕಛೇರಿ ಇದ್ದಾಗಲೆಲ್ಲ ನಿರೂಪಕರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ: ಕದ್ರಿ ಗೋಪಾಲನಾಥರು ವಿದೇಶಿ ವಾದ್ಯವೊಂದನ್ನು ಮಾರ್ಪಡಿಸಿ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗಲೂ ಇದೇ ಮಾತು ಕೇಳಿಬಂತು. ಇದರಲ್ಲಿ ‘ಒಗ್ಗಿಸಿದರು’ ಎಂಬುದು ಪೂರ್ತಿ ನಿಜ. ‘ಮಾರ್ಪಡಿಸಿ’ ಎಂಬುದಕ್ಕೆ ನಾವು ಕೊಟ್ಟಿರುವ ತೂಕ ಮಾತ್ರ ಹೆಚ್ಚಾಯಿತು. ಆ ತೂಕದಿಂದ ಗೋಪಾಲನಾಥರಿಗೂ ಅನ್ಯಾಯವಾಗಿದೆ, ಅವರು ಹುಟ್ಟಿ ಬೆಳೆದ ನಾಗಸ್ವರದ ಪರಂಪರೆಗೂ ಅನ್ಯಾಯವಾಗಿದೆ ಎಂಬುದು ನನ್ನ ವಾದ.

ಅವರ ಬದುಕಿನ ವಿವರ ಓದುಗರಿಗೆ ಗೊತ್ತಿರುವುದೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ವಾದ್ಯ, 1980ರ ಮುಂಬೈ ಜಾಝ್ ಉತ್ಸವ, 1994ರ ಲಂಡನ್ನಿನ ಪ್ರಾಮ್ಸ್, ಅದೇ ವರ್ಷದ ‘ಡ್ಯುಯೆಟ್’ ಸಿನಿಮಾ, 2004ರ ಪದ್ಮಶ್ರೀ. ಅವೆಲ್ಲ ಹಾಗಿರಲಿ. ನಾನು ಒಂದೇ ಒಂದು ಸ್ವರವನ್ನು ಹಿಡಿದು ಕೂರುತ್ತೇನೆ: ತೋಡಿ ರಾಗದ ಗಾಂಧಾರ.

ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ರಿಷಭದ ಕಡೆಯಿಂದ ಎದ್ದು, ಮಧ್ಯಮವನ್ನು ಮುಟ್ಟಿ ಮುಟ್ಟಿ ಮರಳುವ ಓಲಾಟವೇ ಅದರ ರೂಪ. ಹಾರ್ಮೋನಿಯಂನಲ್ಲಿ ಆ ಮನೆಯನ್ನು ಒತ್ತಿದರೆ ಸಾಧಾರಣ ಗಾಂಧಾರ ಕೇಳುತ್ತದೆ, ತೋಡಿ ಕೇಳುವುದಿಲ್ಲ. ಕೊಳಲಿನವರಿಗೆ ಇಲ್ಲಿ ಬೆರಳು ನೆರವಾಗುತ್ತದೆ. ರಂಧ್ರವನ್ನು ಅರ್ಧ, ಕಾಲು ಎಂದು ತೆರೆಯುತ್ತ ಸ್ವರವನ್ನು ಜಾರಿಸಬಹುದು. ನಾಗಸ್ವರದ ಏಳು ರಂಧ್ರಗಳೂ ಬೆರಳಿಗೆ ನೇರವಾಗಿ ಸಿಗುತ್ತವೆ.

ಸ್ಯಾಕ್ಸೋಫೋನಿನಲ್ಲಿ ಈ ದಾರಿ ಮುಚ್ಚಿದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯದ ರಂಧ್ರಗಳು ಬೆರಳಿಗಿಂತ ಅಗಲ. ಅವನ್ನು ಮುಚ್ಚುವುದು ಪ್ಯಾಡು, ಪ್ಯಾಡನ್ನು ಆಡಿಸುವುದು ಕೀ. ಬೆರಳು ರಂಧ್ರವನ್ನು ಮುಟ್ಟುವುದೇ ಇಲ್ಲ. ಸೇನೆಯ ಬ್ಯಾಂಡಿಗೆ ಅದೇ ಬೇಕಿತ್ತು: ಪ್ರತಿ ಸ್ವರವೂ ಬಿಡಿಬಿಡಿಯಾಗಿ, ಗಟ್ಟಿಯಾಗಿ, ಎಲ್ಲರಿಗೂ ಒಂದೇ ಬಗೆಯಲ್ಲಿ ಬರಬೇಕು. ಕೀ ಒತ್ತಿದರೆ ಒಂದು ಮೆಟ್ಟಿಲು, ಬಿಟ್ಟರೆ ಇನ್ನೊಂದು. ಅರ್ಧ ಒತ್ತಿ ಹಿಡಿದರೆ ಸ್ವರ ಮಬ್ಬಾಗುತ್ತದೆ. ತೋಡಿಗೆ ಬೇಕಾದದ್ದು ಇಳಿಜಾರು, ಕೈಯಲ್ಲಿರುವುದು ಮೆಟ್ಟಿಲು.

ಹಾಗಿದ್ದರೆ ಗೋಪಾಲನಾಥರ ಗಾಂಧಾರ ಎಲ್ಲಿಂದ ಬಂತು? ಆಕಾಶವಾಣಿ ಭದ್ರಾವತಿಯಲ್ಲಿ ಅವರನ್ನು ಮೊದಲು ಕೇಳಿದ ದಿನಗಳಿಂದಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ವಾದ್ಯವನ್ನು ಬಲ್ಲವರು ಕೊಡುವ ಉತ್ತರ ಒಂದೇ: ಬಾಯಿಂದ. ಕೆಳತುಟಿ ರೀಡಿನ ಮೇಲೆ ಒತ್ತಿದರೆ ಶ್ರುತಿ ತುಸು ಏರುತ್ತದೆ, ದವಡೆ ಸಡಿಲಿಸಿದರೆ ಇಳಿಯುತ್ತದೆ. ನಾಲಿಗೆಯ ಹಿಂಬದಿ ಎದ್ದರೆ ಒಂದು ಬಣ್ಣ, ಗಂಟಲು ತೆರೆದರೆ ಇನ್ನೊಂದು. ಬೆರಳು ಗಾಂಧಾರದಿಂದ ಮಧ್ಯಮಕ್ಕೆ ಕೀ ಬದಲಿಸುವ ಮೊದಲೇ ತುಟಿ ಸ್ವರವನ್ನು ಅತ್ತ ಎತ್ತಿರಬೇಕು. ಕೀ ಬದಲಾದ ಕೂಡಲೇ ಮತ್ತೆ ತುಸು ತಗ್ಗಿಸಬೇಕು, ಇಲ್ಲವಾದರೆ ಮೆಟ್ಟಿಲಿನ ಅಂಚು ಕಿವಿಗೆ ತಾಗುತ್ತದೆ. ಬೆರಳು ಮತ್ತು ತುಟಿ ಹೀಗೆ ಒಂದನ್ನೊಂದು ಮರೆಸುತ್ತ ಸಾಗಿದಾಗ ಮಾತ್ರ ಓಲಾಟ ಒಂದೇ ಎಳೆಯಾಗಿ ಕೇಳುತ್ತದೆ. ವಾದ್ಯ ವಶವಾಗಲು ಅವರಿಗೆ ಸುಮಾರು 20 ವರ್ಷ ಹಿಡಿಯಿತು ಎನ್ನುತ್ತಾರೆ. ಪ್ಯಾಡು ಬದಲಿಸಲು ಅಷ್ಟು ವರ್ಷ ಬೇಕಿಲ್ಲ. ತುಟಿ ಪಳಗಲು ಬೇಕು.

ವಾದ್ಯದಲ್ಲಿ ಮಾಡಿಕೊಂಡ ಬದಲಾವಣೆ ವ್ಯರ್ಥ ಎನ್ನುತ್ತಿಲ್ಲ. ಮೆತ್ತನೆಯ ಪ್ಯಾಡು ಹಾಕಿದರೆ ಕೀಗಳ ಖಟಖಟ ತಗ್ಗುತ್ತದೆ, ಗಾಳಿ ಸೋರದೆ ರಂಧ್ರ ಮುಚ್ಚುತ್ತದೆ, ಮೆಲುದನಿಯಲ್ಲೂ ಸ್ವರ ಒಡೆಯುವುದಿಲ್ಲ. ಆದರೆ ಅದು ವಾದ್ಯ ಅಡ್ಡಿ ಮಾಡದಂತೆ ನೋಡಿಕೊಂಡ ಕೆಲಸ. ಸ್ವರದ ಆ ಓಲಾಟವನ್ನು, ಗಮಕವನ್ನು, ಹುಟ್ಟಿಸಿದ ಕೆಲಸವಲ್ಲ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಬಲು ಒಳ್ಳೆಯ ವಾದ್ಯ ಹಿಡಿದವರೂ ತೋಡಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದನ್ನು ಕೇಳಿದ್ದೇನೆ. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ ಊರು ಅದು. ಕುಲುಮೆ ಎಷ್ಟೇ ದೊಡ್ಡದಿದ್ದರೂ ಕರಗಿದ ಲೋಹದ ಬಣ್ಣ ನೋಡಿ ಹದ ಹೇಳುವ ಕಣ್ಣು ಬೇಕೆಂಬುದು ಅಲ್ಲಿನ ಕಾರ್ಮಿಕರ ಮನೆಗಳಲ್ಲಿ ಎಲ್ಲರೂ ಬಲ್ಲ ಮಾತು.

ಆ ತುಟಿಯ ವಿದ್ಯೆ ಎಲ್ಲಿಯದು? ಗೋಪಾಲನಾಥರ ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗ ಮೊದಲು ಕೈಗೆತ್ತಿಕೊಂಡದ್ದೂ ನಾಗಸ್ವರವನ್ನೇ. ಅಲ್ಲಿ ರಂಧ್ರ ತೆರೆದಿದ್ದರೂ ಸ್ವರವನ್ನು ತೂಗುವ ಕೆಲಸದಲ್ಲಿ ಬೆರಳಿನಷ್ಟೇ ಪಾಲು ತುಟಿಗೂ ಉಸಿರಿಗೂ ಇದೆ. ವಾದ್ಯಗಳ ಒಡಲಿನಲ್ಲೂ ನಂಟಿದೆ. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ. ಸ್ಯಾಕ್ಸೋಫೋನ್ ಮತ್ತು ನಾಗಸ್ವರ ಎರಡೂ ಬಾಯ ಕಡೆ ಕಿರಿದಾಗಿ ತುದಿಯ ಕಡೆ ಹಿಗ್ಗುತ್ತ ಹೋಗುತ್ತವೆ. ಹಾಗಾಗಿ ಬಿಗಿಯಾಗಿ ಊದಿದರೆ ಎರಡರಲ್ಲೂ ಸ್ವರ ನೇರ ಮೇಲಿನ ಸ್ಥಾಯಿಗೆ ನೆಗೆಯುತ್ತದೆ. ಷಡ್ಜವನ್ನು ಹಾಗೆ ಊದಿದರೆ ಕ್ಲಾರಿನೆಟ್ ಮೇಲಿನ ಷಡ್ಜವನ್ನೂ ದಾಟಿ ಅದರಾಚೆಯ ಪಂಚಮಕ್ಕೆ ಹೋಗುತ್ತದೆ. ನಾಗಸ್ವರದವರ ಮಗ ಅರಮನೆಯ ಬ್ಯಾಂಡಿನಲ್ಲಿ ಕಂಡದ್ದು ತನ್ನ ಮನೆಯ ವಾದ್ಯದ ದೂರದ ನೆಂಟನನ್ನು.

ಇಲ್ಲಿ ಎರಡು ಗುಂಪಿನ ವಿಮರ್ಶಕರೊಡನೆ ನನ್ನ ಜಗಳವಿದೆ. ಮೊದಲ ಗುಂಪಿನವರು ಸ್ಯಾಕ್ಸೋಫೋನನ್ನು ಪ್ರಗತಿಯೆಂದೂ ನಾಗಸ್ವರವನ್ನು ಹಾಗೇ ನಿಂತುಹೋದ ವಾದ್ಯವೆಂದೂ ಬರೆಯುತ್ತಾರೆ. ಇದು ತಿಳಿಯದೆ ಆಡುವ ಮಾತು. ಹಿಂದಿನ ತಿಮಿರಿ ನಾಗಸ್ವರ ಗಿಡ್ಡ, ಶ್ರುತಿ ಎತ್ತರ, ಶುದ್ಧ ಮಧ್ಯಮವನ್ನು ಕಷ್ಟಪಟ್ಟು ತುಟಿಯಿಂದಲೇ ಸರಿಪಡಿಸಿಕೊಳ್ಳಬೇಕಿತ್ತು. ತೋಡಿಗೆ ಹೆಸರಾದ ಟಿ.ಎನ್. ರಾಜರತ್ನಂ ಪಿಳ್ಳೈ ಮತ್ತು ನರಸಿಂಗಂಪೇಟ್ಟೈನ ಕುಶಲಕರ್ಮಿ ರಂಗನಾಥನ್ ಆಚಾರಿ ಸೇರಿ ಉದ್ದನೆಯ, ತಗ್ಗು ಶ್ರುತಿಯ, ಶುದ್ಧ ಮಧ್ಯಮ ನಿಜವಾಗಿ ನುಡಿಯುವ ಪಾರಿ ನಾಗಸ್ವರವನ್ನು ರೂಪಿಸಿದರು. ಆಚ್ಚಾ ಮರವನ್ನು ಕೊರೆದು ಮಾಡುವ ಆ ಊರಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಇಪ್ಪತ್ತನೆಯ ಶತಮಾನದಲ್ಲಿ ಗಾಳಿವಾದ್ಯದ ನಾದವನ್ನು ನಿಜಕ್ಕೂ ತಿದ್ದಿದ ದಕ್ಷಿಣದ ಆವಿಷ್ಕಾರ ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ. ನಮ್ಮ ನಿರೂಪಕರಲ್ಲಿ ಎಷ್ಟು ಮಂದಿಗೆ ಆಚಾರಿಯ ಹೆಸರು ಗೊತ್ತು?

ಎರಡನೆಯ ಗುಂಪು ಸಂಪ್ರದಾಯದ ಪರ ನಿಂತಂತೆ ಕಾಣುತ್ತದೆ. ಸ್ಯಾಕ್ಸೋಫೋನ್ ಬಂದು ನಾಗಸ್ವರವನ್ನು ಮದುವೆ ಮನೆಯಿಂದ ಓಡಿಸಿತು ಎಂಬುದು ಇವರ ದೂರು. ಇವರು ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕೂತವರೇ ಹೊರತು ವಾಲಗದವರ ಪಕ್ಕ ಕೂತವರಲ್ಲ. ಪೂರ್ಣ ಮೇಳ ಅಂದರೆ ಎರಡು ನಾಗಸ್ವರ, ಡೋಲು, ಒತ್ತು, ತಾಳ. ನಾಲ್ಕೈದು ಜನರ ಸಂಭಾವನೆ, ಓಡಾಟ, ಊಟ. ಅದನ್ನು ಇಬ್ಬರು ಮೂವರಿಗೆ ಇಳಿಸಿದ್ದು ಖರ್ಚಿನ ಲೆಕ್ಕ. ಆ ಲೆಕ್ಕ ಬರೆದವರು ನಾವೇ, ಮದುವೆ ಮಾಡುವವರು. ನಮ್ಮ ಕಡೆ ತಲೆಮಾರುಗಳಿಂದ ಈ ಕಸುಬನ್ನು ಹೊತ್ತು ಬಂದ ಸವಿತಾ ಸಮಾಜದ ಮನೆತನಗಳ ಹುಡುಗರು ಬದುಕಿಗಾಗಿ ಸ್ಯಾಕ್ಸೋಫೋನ್ ಹಿಡಿದರೆ ಅದನ್ನು ಸಂಪ್ರದಾಯದ್ರೋಹ ಎನ್ನುವ ಹಕ್ಕು ಈ ವಿಮರ್ಶಕರಿಗಿಲ್ಲ. ಸಭೆಯ ವೇದಿಕೆಗೆ ಬಂದದ್ದು ಮಾತ್ರ ಸಂಗೀತ, ಹಸೆಯ ಮುಂದೆ ನುಡಿದದ್ದು ಬರೀ ವಾಲಗ ಎಂದು ಗೆರೆ ಎಳೆದವರು ಇವರೇ. ಆ ಗೆರೆ ಕೇಳುವ ಕಿವಿ ಎಳೆದದ್ದಲ್ಲ, ಜಾತಿ ಎಳೆದದ್ದು. ಎರಡೂ ಗುಂಪುಗಳು ವಾದ್ಯವನ್ನು ನೋಡುತ್ತವೆ, ಊದುವವನ ಬಾಯನ್ನು ನೋಡುವುದಿಲ್ಲ. ಊದುವವನನ್ನು ನೋಡಿದ್ದರೆ ಅವನ ಹಿಂದೆ ಕೂತಿದ್ದವನೂ ಕಾಣುತ್ತಿದ್ದ, ಅವನು ಎದ್ದು ಹೋದದ್ದೂ ಗೊತ್ತಾಗುತ್ತಿತ್ತು.

ಅವನು ಒತ್ತಿನವನು. ಒತ್ತು ನಾಗಸ್ವರದಂಥದೇ ಮರದ ಕೊಳವೆ, ಅಂಥದೇ ಜೊಂಡಿನ ರೀಡು, ಅಂದರೆ ಸೀವಾಳಿ. ಬೆರಳಾಡಿಸುವ ರಂಧ್ರಗಳಿಲ್ಲ. ಕೆಳಗಿನ ಒಂದೆರಡು ರಂಧ್ರಗಳಿಗೆ ಮೇಣ ಮೆತ್ತಿ ಶ್ರುತಿ ಕೂರಿಸುತ್ತಾರೆ. ಊದುವವನು ಕೆನ್ನೆಯಲ್ಲಿ ಗಾಳಿ ಹಿಡಿದು, ಮೂಗಿನಿಂದ ಉಸಿರೆಳೆಯುತ್ತ, ಷಡ್ಜವನ್ನು ಕಡಿಯದೆ ಗಂಟೆಗಟ್ಟಲೆ ನಿಲ್ಲಿಸುತ್ತಾನೆ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಇಂಜಿನಿಯರ್, ಸ್ವತಃ ಕೊಳಲುವಾದಕರಾದ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿ ಗಾಯಕರಿಗೂ ಕಲಿಯುವವರಿಗೂ ಮಾಡಿದ ಉಪಕಾರ ದೊಡ್ಡದು. ಮನೆಯ ಅಭ್ಯಾಸಕ್ಕೆ ನಾನೂ ಅದಕ್ಕೆ ಋಣಿ. ಆದರೆ ಒತ್ತಿನ ಜಾಗದಲ್ಲಿ ಅದನ್ನು ಇಟ್ಟದ್ದು ತಪ್ಪು. ಒಂದೇ ಬಗೆಯ ಮರ, ಒಂದೇ ಬಗೆಯ ಜೊಂಡು, ಎರಡು ಉಸಿರು ಸೇರಿದಾಗ ನಾಗಸ್ವರದ ಸ್ವರ ಒತ್ತಿನೊಳಗೆ ಬೆರೆತು ದುಂಡಗಾಗುತ್ತದೆ. ಶ್ರುತಿಪೆಟ್ಟಿಗೆಯ ದನಿಯನ್ನು ನಾಗಸ್ವರ ಸುಲಭವಾಗಿ ಮುಳುಗಿಸುತ್ತದೆ, ಆದ್ದರಿಂದ ಮೈಕು ಬರುತ್ತದೆ. ಪೆಟ್ಟಿಗೆಗೆ ಬಂದ ಮೈಕು ನಾಗಸ್ವರಕ್ಕೂ ಬರುತ್ತದೆ, ಅದನ್ನು ವಾದ್ಯದ ತುದಿಯ ಅಗಲ ಬಾಯಾದ ಅಣಸಿಗೇ ಹಿಡಿಯುತ್ತಾರೆ. ಹೆಚ್ಚಿನ ಸ್ವರಗಳಲ್ಲಿ ನಾದದ ತಿರುಳು ಹೊರಬೀಳುವುದು ತೆರೆದ ರಂಧ್ರಗಳಿಂದ, ಅಣಸಿನಿಂದ ನೇರಕ್ಕೆ ಹೊಮ್ಮುವುದು ಅದರ ಚೂಪು. ಆ ಚೂಪನ್ನೇ ದೊಡ್ಡದು ಮಾಡಿ ಕೇಳಿಸಿ, ನಾಗಸ್ವರ ಕರ್ಕಶ ಎಂದು ತೀರ್ಪು ಕೊಡುತ್ತೇವೆ.

ಶಿವಮೊಗ್ಗದ ಸಭೆಗಳಿಗೆ ನನ್ನ ಕೇಳಿಕೆ ಎರಡೇ. ಗೋಪಾಲನಾಥರನ್ನು ವಾದ್ಯ ತಿದ್ದಿದವರು ಎಂದು ಪರಿಚಯಿಸುವುದನ್ನು ಬಿಡಿ, ನಾಗಸ್ವರದ ತುಟಿಯನ್ನು ಹಿತ್ತಾಳೆಗೆ ಕೊಟ್ಟವರು ಎನ್ನಿ. ವರ್ಷಕ್ಕೊಂದು ಕಛೇರಿಯಲ್ಲಾದರೂ ಒತ್ತಿನವನನ್ನು ಕರೆಸಿ, ಅವನ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ. ಭದ್ರಾವತಿಯ ಹಳೇನಗರದ ಮದುವೆಯೊಂದರಲ್ಲಿ ಗಟ್ಟಿಮೇಳದ ಅಬ್ಬರ ಮುಗಿದು ಡೋಲು ನಿಂತ ಮೇಲೂ, ನಾಗಸ್ವರದವರು ಸೀವಾಳಿಯನ್ನು ಬಾಯಿಂದ ತೆಗೆದ ಮೇಲೂ, ಆ ಒಂದು ಷಡ್ಜ ಇನ್ನೂ ನುಡಿಯುತ್ತಿತ್ತು. ಹುಡುಗನಾಗಿದ್ದ ನಾನು ತಿರುಗಿ ನೋಡಿದೆ. ಕಂಬಕ್ಕೆ ಒರಗಿ ಕೂತಿದ್ದ ಮುದುಕರೊಬ್ಬರು ಕೆನ್ನೆಯುಬ್ಬಿಸಿ, ಕಣ್ಣು ಮುಚ್ಚಿ, ಊದುತ್ತಲೇ ಇದ್ದರು.