ಐನೂರ್ವರ ಬಿರುದು, ಎದುರಾಳಿಯ ಮಾತು

ಐಹೊಳೆ ಎಂದೊಡನೆ ನೆನಪಾಗುವ ಬರಹ ಮೇಗುತಿ ಬಸದಿಯ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಬರೆಸಿದ ಪುಲಕೇಶಿಯ ಪ್ರಶಸ್ತಿ. ಇದೇ ಊರಿನ ಹೆಸರು ಹೊತ್ತ ಇನ್ನೊಂದು ಪ್ರಶಸ್ತಿಯೂ ಇದೆ. ಅದು ರಾಜನದಲ್ಲ, ವ್ಯಾಪಾರಿಗಳದ್ದು. ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಶಾಸನಗಳು ಕರ್ನಾಟಕದಿಂದ ತಮಿಳುನಾಡು, ಶ್ರೀಲಂಕಾದವರೆಗೆ ಹರಡಿವೆ. ಸುಮಾತ್ರಾದ ಬಾರುಸ್‌ನಲ್ಲಿಯೂ 1088ರ ತಮಿಳು ಶಾಸನವೊಂದು ಸಿಕ್ಕಿದೆ.

ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಶಾಸನವೊಂದರಲ್ಲಿ ಈ ಪ್ರಶಸ್ತಿ ಬಲು ದೀರ್ಘವಾಗಿದೆ. ಐನೂರ್ವರು ಸತ್ಯವಂತರು, ಶುಚಿಗಳು, ವೀರಬಣಂಜು ಧರ್ಮದ ಕಾವಲುಗಾರರು. ಮುಂದೆ ಹೋದರೆ ಆನೆಯಂತೆ, ಸಿಂಹದಂತೆ, ಹಾವಿನಂತೆ ಕೊಲ್ಲಬಲ್ಲವರು ಕೂಡ. ಆ ಗದ್ಯದ ಓಟ ನನಗೆ ಇಷ್ಟ. ಆದರೆ ಅದನ್ನು ಓದಿದಾಗಲೆಲ್ಲ ಒಂದು ಕೊರತೆ ಕಾಣುತ್ತದೆ. ಕಾಯುವವರೂ ಕೊಲ್ಲುವವರೂ ಅಲ್ಲಿದ್ದಾರೆ, ನಡುವೆ ವಿಚಾರಿಸುವವರು ಇಲ್ಲ. ಸಂಘದ ಕಟ್ಟಳೆ ಮುರಿದನೆಂದು ಒಬ್ಬನ ಮೇಲೆ ದೂರು ಬಂದರೆ ಅವನ ಮಾತನ್ನು ಯಾರು ಕೇಳುತ್ತಿದ್ದರು?

ಹೊಗಳುವುದೇ ಪ್ರಶಸ್ತಿಯ ಕೆಲಸ, ಅದರಲ್ಲಿ ನ್ಯಾಯದ ವಿಧಾನ ಹುಡುಕಬಾರದು ಎನ್ನಬಹುದು. ಒಪ್ಪುತ್ತೇನೆ. ರಾಜನ ಸಂಬಳವಿಲ್ಲದೆ ತಮ್ಮನ್ನು ತಾವೇ ಆಳಿಕೊಂಡು, ಸರಕಿನ ಮೇಲೆ ತಾವೇ ತೆರಿಗೆ ಹಾಕಿಕೊಂಡು ಗುಡಿಗಳಿಗೆ ಕೊಟ್ಟವರು ಇವರು. ಆದರೆ ತೀರ್ಪು ಕೊಡುವವನೂ ಅದೇ ಸಂತೆಯಲ್ಲಿ ಮಾರುವವನು, ದೂರು ತಂದವನೂ ಅಲ್ಲಿಯವನೇ. ಪಕ್ಕದ ಅಂಗಡಿಯವನನ್ನು ಹೊರಗೆ ಹಾಕಿಸಲು ದೂರಿಗಿಂತ ಸುಲಭದ ದಾರಿ ಇಲ್ಲ. ಇಂಥಲ್ಲಿ ಕಾವಲುಗಾರ ಒಳ್ಳೆಯವನು ಎಂಬ ಭರವಸೆ ಸಾಲದು.

ಇದು ಆ ಕಾಲಕ್ಕೆ ಹೊಳೆಯದ ಮಾತೇನಲ್ಲ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಇದನ್ನೇ ಚರ್ಚಿಸುತ್ತಾನೆ. ದೂರನ್ನು ಎದುರಾಳಿಯ ಸಮ್ಮುಖದಲ್ಲೇ ಬರೆದುಕೊಳ್ಳಬೇಕು. ಬಂಧುಗಳ ಕುಲ, ಒಂದೇ ಕಸುಬಿನವರ ಶ್ರೇಣಿ, ಒಂದೂರಿನ ನಾನಾ ಜನರ ಪೂಗ, ಇವುಗಳಲ್ಲಿ ಕೆಳಗಿನದರ ತೀರ್ಪು ಒಪ್ಪದವನು ಮೇಲಿನದಕ್ಕೆ, ಕೊನೆಗೆ ರಾಜ ನೇಮಿಸಿದವರ ಬಳಿಗೆ ಹೋಗಬಹುದು. ಮೋಹಕ್ಕೋ ಲೋಭಕ್ಕೋ ಭಯಕ್ಕೋ ತಪ್ಪು ತೀರ್ಪು ಕೊಟ್ಟ ಸಭ್ಯರಿಗೆ, ಒಬ್ಬೊಬ್ಬರಿಗೂ, ಸೋತವನ ದಂಡದ ಇಮ್ಮಡಿ. ವರ್ಣ ನೋಡಿ ಶಿಕ್ಷೆ ಅಳೆಯುವ ಗ್ರಂಥವಿದು, ಅದರ ನ್ಯಾಯ ಎಲ್ಲರಿಗೂ ಸಮವಲ್ಲ. ಆದರೂ ತೀರ್ಪುಗಾರನೂ ತಪ್ಪಬಲ್ಲ ಎಂಬುದನ್ನು ಅದು ಮರೆಯಲಿಲ್ಲ.

ಇಂದು ಬಳಗಗಳನ್ನು ಬಿಡುವಿನ ವೇಳೆಯಲ್ಲಿ, ಕಾಸು ಪಡೆಯದೆ ನೋಡಿಕೊಳ್ಳುವವರ ನಿಯಮಾವಳಿಗಳನ್ನು ಓದಿದರೆ ನನಗೆ ಐನೂರ್ವರ ಧಾಟಿಯೇ ಕೇಳಿಸುತ್ತದೆ. ಸೌಹಾರ್ದ, ಘನತೆ ಎಂಬ ಬಿರುದುಗಳು ಮೊದಲು, ತಪ್ಪಿದವರನ್ನು ತೆಗೆದುಹಾಕಲಾಗುವುದು ಎಂಬ ಗುಡುಗು ಕೊನೆಗೆ. ಹತ್ತು ಜನ ದೂರಿದರೆ ಅದೇ ಸಾಕ್ಷಿ. ಅವರ ದುಡಿಮೆಗೆ ನಾನು ಋಣಿ. ಆದರೆ ಆ ನಿಯಮಾವಳಿಯಲ್ಲಿ ಇನ್ನು ಮೂರು ಸಾಲು ಸೇರಲಿ: ಆರೋಪ ಏನೆಂದು ಆತನಿಗೆ ತಿಳಿಸುತ್ತೇವೆ, ಕಾರಣ ಬರೆದುಕೊಡುತ್ತೇವೆ, ಒಪ್ಪದಿದ್ದರೆ ಬೇರೊಬ್ಬರು ಮತ್ತೆ ನೋಡುತ್ತಾರೆ.

ಐನೂರ್ವರು ಹೊರಗೆ ಹಾಕಿದ ವ್ಯಾಪಾರಿ ಇದ್ದಿದ್ದರೆ, ಅವನ ಕಡೆಯ ಮಾತು ಈ ಪ್ರಶಸ್ತಿಯಲ್ಲಂತೂ ಇಲ್ಲ.