ಮಸಿಗೆ ಎರಡು ಅರ್ಥ

ಕನ್ನಡದಲ್ಲಿ ಒಲೆಯ ಹೊಗೆ ಕೂರಿಸುವ ಕಪ್ಪೂ ಮಸಿ, ಬರೆಯುವ ಶಾಯಿಯೂ ಮಸಿ. ಈ ಎರಡನ್ನೂ ಒಂದೇ ಸೀಸೆಗೆ ತುಂಬಿದವರು ಬೆಂಗಳೂರಿನ ಗ್ರಾವಿಕಿ ಲ್ಯಾಬ್ಸ್‌ನವರು. ಅನಿರುದ್ಧ ಶರ್ಮಾ ಮತ್ತು ಸಂಗಡಿಗರು ವಾಹನ, ಜನರೇಟರುಗಳ ಹೊಗೆಕೊಳವೆಗೆ ಸಾಧನವೊಂದನ್ನು ಜೋಡಿಸಿ, ಕಪ್ಪನ್ನು ಹಿಡಿದು ಶುದ್ಧಮಾಡಿ, 'ಏರ್-ಇಂಕ್' ಎಂಬ ಶಾಯಿ ತಯಾರಿಸಿದರು. 30 ಮಿ.ಲೀ. ಶಾಯಿಗೆ ಡೀಸೆಲ್ ಕಾರಿನ ಸುಮಾರು 45 ನಿಮಿಷದ ಹೊಗೆ ಸಾಕೆಂಬುದು ಅವರ ಲೆಕ್ಕ. 2016ರಲ್ಲಿ ನಮ್ಮ ಸಿಂಗಪುರದ ಟೈಗರ್ ಬಿಯರ್‌ನವರು ಇದನ್ನು ಹಾಂಗ್‌ಕಾಂಗ್‌ನಲ್ಲಿ ಕಲಾವಿದರ ಕೈಗಿತ್ತು ಬೀದಿಯ ಗೋಡೆಗಳ ಮೇಲೆ ಚಿತ್ರ ಬರೆಸಿದರು.

ಮೊದಲು ಮೆಚ್ಚುಗೆ. ಶ್ವಾಸಕೋಶದ ಆಳಕ್ಕಿಳಿಯುವ ಕಣಗಳು 2.5 ಮೈಕ್ರಾನಿಗಿಂತಲೂ ಸಣ್ಣವು, ಕಣ್ಣಿಗೆ ಬೀಳುವುದಿಲ್ಲ. ಸುಮಾತ್ರದ ಬೆಂಕಿಯ ಹೊಗೆ ಕವಿದು, 2013ರ ಜೂನ್ 21ರಂದು ಇಲ್ಲಿ ಪಿ.ಎಸ್.ಐ. 401 ಮುಟ್ಟಿದಾಗ ನಾವೆಲ್ಲ ಕಿಟಕಿ ಮುಚ್ಚಿ ಮಕ್ಕಳನ್ನು ಒಳಗೇ ಕೂರಿಸಿಕೊಂಡೆವು. ಅಂದು ಹೊಗೆ ಕಾಣುತ್ತಿತ್ತು. ಕಾಣದ ದಿನ ಹೆದರುವವರಾರು? ಕಾಣದ್ದನ್ನು ಕೈಗೆ ಅಂಟುವಂತೆ ಮಾಡಿದ್ದು ಈ ಶಾಯಿಯ ಸಾಧನೆ.

ಇನ್ನು ನಮ್ಮ ತಕರಾರು. ಗೋಡೆಯ ಮೇಲಿನ ಆ ಕಪ್ಪಿಗೂ ಅಂಗಡಿಯ ಕಪ್ಪಿಗೂ ನೋಡುವವರಿಗೆ ವ್ಯತ್ಯಾಸವಿಲ್ಲ. ಯಾರಾದರೂ ವಿವರಿಸದಿದ್ದರೆ "ಚೆನ್ನಾಗಿದೆ" ಎಂದು ಮುಂದೆ ಹೋಗುತ್ತೇವೆ. ಕೊಳೆ ಸರಕಾಯಿತು, ಚಿತ್ರ ಜಾಹೀರಾತಾಯಿತು. ಹೊಗೆ ಬಿಟ್ಟವರಾರು ಎಂಬ ಪ್ರಶ್ನೆ ಬಣ್ಣದಡಿ ಮುಚ್ಚಿಹೋಯಿತು.

ನಮ್ಮಲ್ಲಿ ಮಸಿ ಇಷ್ಟು ಸಾಧುವಲ್ಲ. ಮುಖಕ್ಕೆ ಮಸಿ ಬಳಿದರೆ ಅವಮಾನ. ಅದೇ ಕಪ್ಪು ಕಾಡಿಗೆಯಾಗಿ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟಾದರೆ ರಕ್ಷೆ. ನಾಚಿಕೆ, ಅಕ್ಕರೆ ಎರಡೂ ಒಂದೇ ಬೊಟ್ಟಿನಲ್ಲಿವೆ. ಆಯುಧಪೂಜೆಯಂದು ಊರಿನಲ್ಲಿ ಬಸ್ಸು, ಲಾರಿಗಳಿಗೆ ಬಾಳೆಕಂದು ಕಟ್ಟಿ, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುತ್ತಾರಲ್ಲ, ಆಗ ಆ ವಾಹನದ್ದೇ ಮಸಿಯಿಂದ ಅದಕ್ಕೊಂದು ಬೊಟ್ಟಿಟ್ಟರೆ? ಫಲಕ ಬೇಡ, ಭಾಷಣ ಬೇಡ. ಅಜ್ಜಿಗೂ ತಿಳಿಯುತ್ತದೆ, ಲಾರಿಯ ಡ್ರೈವರಿಗೂ ತಿಳಿಯುತ್ತದೆ: ಈ ಕಪ್ಪು ನಿನ್ನದು, ಇದನ್ನು ಉಸಿರಾಡುವ ಮಗುವೂ ನಿನ್ನದೇ.

ಶಾಯಿ ಹುಡುಕಿದ ಜಾಣರು ಇನ್ನೊಂದು ಹೆಜ್ಜೆ ಇಟ್ಟು, ನಮ್ಮ ಭಾಷೆ ಎಂದೋ ಹೇಳಿಟ್ಟ ಮಾತನ್ನು ಕೇಳಿಸಿಕೊಳ್ಳಬೇಕಿತ್ತು. ಸದಸ್ಯ ಬಂಧುಗಳೇ, ಈ ಸಲ ಹಬ್ಬಕ್ಕೆ ಮಕ್ಕಳಿಗೆ 'ಮಸಿ' ಎಂಬ ಪದ ಕಲಿಸುವಾಗ ಎರಡೂ ಅರ್ಥಗಳನ್ನು ಹೇಳಿಕೊಡೋಣ. ಏನಂತೀರಿ?