ಚಟ್ನಿ ಚೆನ್ನಾಗಿತ್ತು, ಶೇರು ಬಿತ್ತು

ಸುಳ್ಳು ನಂಬಿ ಶೇರಿನಲ್ಲಿ ದುಡ್ಡು ಕಳಕೊಂಡವರ ಕಥೆ ನಮಗೆಲ್ಲ ಬೇಕಾದಷ್ಟು ಗೊತ್ತು. ನಿಜ ಗೊತ್ತಿದ್ದೂ ಕಳಕೊಂಡವರ ಕಥೆ ಅಪರೂಪ, ಆದರೆ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅದೇ ಹೆಚ್ಚು ಉಪಯೋಗಕ್ಕೆ ಬರೋದು. ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ನೊವೆಲ್. 1990ರ ದಶಕದ ಕೊನೆಯಲ್ಲಿ ಈ ಕಂಪನಿ ಉಳಿಯುತ್ತಾ, ಮುಳುಗುತ್ತಾ ಅಂತ ಅಮೆರಿಕದ ಹೂಡಿಕೆದಾರರು ವರ್ಷಗಟ್ಟಲೆ ವಾದ ಮಾಡಿದರು. ಎರಡೂ ಪಕ್ಷದ ಮಾತುಗಳಲ್ಲಿ ಮುಕ್ಕಾಲು ಪಾಲು ನಿಜವೇ ಆಗಿತ್ತು. ವಾದ ಮಾತ್ರ ತಪ್ಪು ಪ್ರಶ್ನೆಯ ಸುತ್ತ ಗಿರಕಿ ಹೊಡೀತಿತ್ತು ಅನ್ನೋದು ನನ್ನ ತಕರಾರು.

ಹಿನ್ನೆಲೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನೊವೆಲ್ ಅಮೆರಿಕದ ಯೂಟಾ ರಾಜ್ಯದ ಪ್ರೊವೋ ಊರಿನ ಕಂಪನಿ. 1983ರಲ್ಲಿ ರೇ ನೂರ್ಡಾ ಚುಕ್ಕಾಣಿ ಹಿಡಿದ ಮೇಲೆ ಅದರ ನೆಟ್‌ವೇರ್ ಅನ್ನುವ ಸಾಫ್ಟ್‌ವೇರ್ ಆಫೀಸುಗಳನ್ನೆಲ್ಲ ಆವರಿಸಿತು. ಒಂದೊಂದು ಮೇಜಿನ ಮೇಲೆ ಒಂಟಿಯಾಗಿ ಕೂತಿದ್ದ ಪಿಸಿಗಳನ್ನು ಒಟ್ಟಿಗೆ ಕಟ್ಟಿ, ಫೈಲು ಮತ್ತು ಪ್ರಿಂಟರ್ ಹಂಚಿಕೊಳ್ಳುವಂತೆ ಮಾಡೋದು ಅದರ ಕೆಲಸ. 90ರ ದಶಕದ ಆರಂಭದಲ್ಲಿ ಈ ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು ಪಾಲು ನೊವೆಲ್‌ನದೇ. ಬೆಂಗಳೂರಿನಲ್ಲೂ ಅದಕ್ಕೆ ಅಭಿವೃದ್ಧಿ ಕೇಂದ್ರವಿತ್ತು. ಸಿಎನ್‌ಇ, ಅಂದರೆ ಸರ್ಟಿಫೈಡ್ ನೊವೆಲ್ ಎಂಜಿನಿಯರ್, ಅನ್ನೋ ಪತ್ರ ಕೈಲಿದ್ದರೆ ಕೆಲಸ ಗ್ಯಾರಂಟಿ ಅನ್ನುವ ಕಾಲ ಅದು. ನಿಮ್ಮ ಆಫೀಸಿನ ಹಿರಿಯರನ್ನು ಕೇಳಿ ನೋಡಿ.

1993ರಲ್ಲಿ ಎರಡು ಘಟನೆ ನಡೆದವು. ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿಯನ್ನು ಹೊರತಂದಿತು. ನೊವೆಲ್ ನೆಟ್‌ವೇರ್ 4ರ ಜೊತೆ ಎನ್‌ಡಿಎಸ್ ಅನ್ನುವ ಡೈರೆಕ್ಟರಿ ತಂದಿತು. ಆಮೇಲೆ ನಡೆದ ವಾದವೆಲ್ಲ ಈ ಎರಡರ ನಡುವಿನದೇ.

ಗೂಳಿಗಳ ಪಕ್ಷ, ಅಂದರೆ ನೊವೆಲ್ ಶೇರು ಕೊಂಡವರು, ಹೇಳುತ್ತಿದ್ದದ್ದು ಹೀಗೆ. ಎನ್‌ಡಿಎಸ್ ಇಡೀ ಸಂಸ್ಥೆಯ ಒಂದೇ ಖಾತೆ ಪುಸ್ತಕ. ಹೊಸಬರೊಬ್ಬರು ಕೆಲಸಕ್ಕೆ ಸೇರಿದರೆ ಒಂದು ಕಡೆ ಹೆಸರು ಬರೆದರೆ ಸಾಕು, ಯಾವ ಫೈಲು, ಯಾವ ಪ್ರಿಂಟರು, ಯಾವ ಊರಿನ ಸರ್ವರ್ ಎಲ್ಲ ಅಲ್ಲಿಂದಲೇ ನಿರ್ಧಾರ. ಎನ್‌ಟಿಯಲ್ಲಾದರೆ ಡೊಮೇನ್‌ಗಳೆಂಬ ಬೇರೆ ಬೇರೆ ಓಣಿಗಳು, ಒಂದೊಂದರ ನಡುವೆ ಕೈಯಾರೆ ಸೇತುವೆ ಕಟ್ಟಬೇಕು. ಸಂಸ್ಥೆ ದೊಡ್ಡದಾದಷ್ಟೂ ಗೋಜಲು. ಮೈಕ್ರೋಸಾಫ್ಟ್ ಆಕ್ಟಿವ್ ಡೈರೆಕ್ಟರಿ ಅಂತ ಉತ್ತರ ಕೊಡ್ತೀನಿ ಅಂತ ಹೇಳುತ್ತಲೇ ಇತ್ತು, ಆದರೆ ಅದು ಗ್ರಾಹಕರ ಕೈಗೆ ಬಂದದ್ದು 2000ದ ಫೆಬ್ರವರಿಯಲ್ಲಿ, ವಿಂಡೋಸ್ 2000ದ ಜೊತೆ. ಅಂದರೆ ನೊವೆಲ್‌ಗೆ ಹೆಚ್ಚುಕಡಿಮೆ ಏಳು ವರ್ಷದ ಮುನ್ನಡೆ. ಸಾಲದ್ದಕ್ಕೆ 1997ರಲ್ಲಿ ಸನ್ ಕಂಪನಿಯಿಂದ ಎರಿಕ್ ಶ್ಮಿಟ್ ಬಂದು ಸಿಇಒ ಆದರು. 1998ರಲ್ಲಿ ನೆಟ್‌ವೇರ್ 5 ಹಳೆಯ ಐಪಿಎಕ್ಸ್ ಬಿಟ್ಟು ಇಂಟರ್ನೆಟ್‌ನ ಭಾಷೆಯನ್ನೇ ಆಡತೊಡಗಿತು. ಬ್ಯಾಂಕಿನಲ್ಲಿ ನೂರು ಕೋಟಿ ಡಾಲರ್ ಆಸುಪಾಸು ನಗದು. ಇನ್ನೇನು ಬೇಕು?

ಕರಡಿಗಳ ಉತ್ತರ ಚಿಕ್ಕದು: ಎದುರಿಗಿರೋದು ಮೈಕ್ರೋಸಾಫ್ಟ್, ಆಟ ಮುಗೀತು.

ಮೊದಲು ಗೂಳಿಗಳ ವಾದ ತೊಗೊಳ್ಳೋಣ. ಅವರು ಹೇಳಿದ ತಾಂತ್ರಿಕ ಸಂಗತಿಗಳಲ್ಲಿ ನಾನು ತೆಗೆದುಹಾಕುವಂಥದ್ದು ಏನೂ ಇಲ್ಲ. ಸಮಸ್ಯೆ ಇರೋದು ಅಲ್ಲಿಂದ ಶೇರಿನ ಬೆಲೆಗೆ ಹಾರಿದ ರೀತಿಯಲ್ಲಿ. "ಡೈರೆಕ್ಟರಿ ಉತ್ತಮವಾಗಿದೆ" ಅನ್ನೋದಕ್ಕೂ "ಆದ್ದರಿಂದ ಜನ ಇದಕ್ಕೆ ದುಡ್ಡು ಕೊಡ್ತಾರೆ" ಅನ್ನೋದಕ್ಕೂ ನಡುವೆ ಒಂದು ಪ್ರಶ್ನೆ ಇದೆ: ಗ್ರಾಹಕ ಅಂಗಡಿಗೆ ಬಂದದ್ದು ಯಾವುದಕ್ಕೆ?

ದರ್ಶಿನಿಗೆ ನಾವು ಹೋಗೋದು ಇಡ್ಲಿಗೆ. ಚಟ್ನಿ ಜೊತೆಗೆ ಬರುತ್ತೆ. ಪಕ್ಕದಲ್ಲೇ ಒಬ್ಬರು ಊರಿಗೇ ಒಳ್ಳೆಯ ಚಟ್ನಿಯನ್ನು ಮಾತ್ರ ಮಾರುವ ಅಂಗಡಿ ತೆಗೆದರೆ? ತಿಂದವರೆಲ್ಲ ಹೊಗಳ್ತಾರೆ. ಆದರೆ ಇಡ್ಲಿ ತಟ್ಟೆಯಲ್ಲಿ ಸುಮಾರಾದ ಚಟ್ನಿ ಪುಕ್ಕಟೆ ಬಿದ್ದಿರುವಾಗ ಇನ್ನೊಂದು ಕ್ಯೂನಲ್ಲಿ ನಿಲ್ಲೋರು ಎಷ್ಟು ಜನ?

ಸರ್ವರ್ ಕೋಣೆಯಲ್ಲಿ ಆದದ್ದೂ ಇದೇ. 1988ರಲ್ಲಿ ಆಫೀಸೊಂದು ಸರ್ವರ್ ಕೊಳ್ಳುತ್ತಿದ್ದದ್ದು ಫೈಲು ಮತ್ತು ಪ್ರಿಂಟರ್ ಹಂಚಿಕೊಳ್ಳೋಕೆ. ಆಗ ನೆಟ್‌ವೇರೇ ಇಡ್ಲಿ. ಹತ್ತು ವರ್ಷದ ನಂತರ ಸರ್ವರ್ ಕೊಳ್ಳುವ ಕಾರಣ ಬೇರೆಯಾಗಿತ್ತು: ಇಮೇಲ್, ಡೇಟಾಬೇಸ್, ವೆಬ್‌ಸೈಟ್. ಇವನ್ನೆಲ್ಲ ನಡೆಸುವ ಪ್ರೋಗ್ರಾಂ ಬರೆಯೋಕೆ ಎನ್‌ಟಿ ಸುಲಭ. ವಿಂಡೋಸ್‌ಗೆ ಬರೆದು ಅಭ್ಯಾಸವಿದ್ದ ಪ್ರೋಗ್ರಾಮರುಗಳ ಸೈನ್ಯವೇ ಇತ್ತು. ನೆಟ್‌ವೇರ್‌ಗೆ ಬರೆಯಬೇಕಾದರೆ ಎನ್‌ಎಲ್‌ಎಂ ಅನ್ನುವ ಬೇರೆಯೇ ವಿದ್ಯೆ ಕಲಿಯಬೇಕಿತ್ತು, ಒಂದು ಪ್ರೋಗ್ರಾಂ ಎಡವಿದರೆ ಇಡೀ ಸರ್ವರನ್ನೇ ಜೊತೆಗೆ ಬೀಳಿಸಬಹುದಿತ್ತು. ಹಾಗಾಗಿ ಎಕ್ಸ್‌ಚೇಂಜ್‌ಗೋ ಎಸ್‌ಕ್ಯೂಎಲ್ ಸರ್ವರ್‌ಗೋ ಅಂತ ಎನ್‌ಟಿ ಪೆಟ್ಟಿಗೆ ಒಳಗೆ ಬಂತು. ಫೈಲು, ಪ್ರಿಂಟರ್ ಹಂಚುವ ಕೆಲಸವೂ ಅದರೊಳಗೇ ಇತ್ತು. ಮುಂದಿನ ಬಜೆಟ್ ಸಭೆಯಲ್ಲಿ ಯಾರೋ ಒಬ್ಬರು ಕೇಳ್ತಾರೆ, "ಇದು ಇರುವಾಗ ಅದಕ್ಕೂ ಯಾಕೆ ದುಡ್ಡು?" ಅಲ್ಲಿಗೆ ತಾಂತ್ರಿಕ ಹೋಲಿಕೆಯ ಪಟ್ಟಿ ಯಾರ ಕೈಲೂ ಇರೋದಿಲ್ಲ.

ಗೂಳಿಗಳು ಮರೆತ ಇನ್ನೊಂದು ಸಂಗತಿ ನೊವೆಲ್‌ನ ಸ್ವಂತ ಗ್ರಾಹಕರು. ಹಳೆಯ ನೆಟ್‌ವೇರ್ 3 ಎಷ್ಟು ಗಟ್ಟಿಯಾಗಿತ್ತು ಅಂದರೆ ವರ್ಷಗಟ್ಟಲೆ ರೀಸ್ಟಾರ್ಟ್ ಇಲ್ಲದೆ ಓಡುತ್ತಿತ್ತು. ಹಾಗಾಗಿ ಎನ್‌ಡಿಎಸ್ ಬಂದ ಮೇಲೂ ಬಹಳಷ್ಟು ಮಂದಿ ನೆಟ್‌ವೇರ್ 4ಕ್ಕೆ ಬರಲು ಅವಸರ ಮಾಡಲಿಲ್ಲ. ಲಕ್ಷಾಂತರ ತೃಪ್ತ ಗ್ರಾಹಕರಿದ್ದಾರೆ ಅಂತ ಹೂಡಿಕೆದಾರರು ಎದೆ ತಟ್ಟಿ ಹೇಳುತ್ತಿದ್ದರು. ಆ ತೃಪ್ತಿಯಿಂದಲೇ ಅವರು ಹೊಸದಕ್ಕೆ ಪರ್ಸು ಬಿಚ್ಚುತ್ತಿರಲಿಲ್ಲ.

ಉತ್ತಮ ಡೈರೆಕ್ಟರಿ ಇದ್ದರೆ ಗೆಲುವು ಖಚಿತ ಅನ್ನುವ ನಂಬಿಕೆಗೆ ಎದುರು ಸಾಕ್ಷಿ ನೊವೆಲ್‌ನ ಇತಿಹಾಸದಲ್ಲೇ ಇತ್ತು. ಮ್ಯಾಸಚೂಸೆಟ್ಸ್‌ನ ಬನ್ಯಾನ್ ಅನ್ನುವ ಕಂಪನಿಯ ವೈನ್ಸ್ ಸಾಫ್ಟ್‌ವೇರ್‌ನಲ್ಲಿ ಸ್ಟ್ರೀಟ್‌ಟಾಕ್ ಎಂಬ ಡೈರೆಕ್ಟರಿ 80ರ ದಶಕದಲ್ಲೇ ಇತ್ತು, ಎನ್‌ಡಿಎಸ್‌ಗಿಂತ ಎಷ್ಟೋ ವರ್ಷ ಮೊದಲು. ದೊಡ್ಡ ಸಂಸ್ಥೆಗಳ ನೆಟ್‌ವರ್ಕ್ ನೋಡಿಕೊಳ್ಳುವವರು ಅದನ್ನು ಮೆಚ್ಚಿಕೊಂಡಿದ್ದರು. ಆದರೂ ಮಾರುಕಟ್ಟೆ ಹೋದದ್ದು ನೊವೆಲ್ ಕಡೆಗೆ. ಅದನ್ನು ಮಾರುವ ಡೀಲರುಗಳು, ಅಳವಡಿಸುವ ಎಂಜಿನಿಯರುಗಳು ಎಲ್ಲೆಲ್ಲೂ ಇದ್ದರು. ತಾವು ಗೆದ್ದಾಗ ಡೈರೆಕ್ಟರಿ ಲೆಕ್ಕಕ್ಕೆ ಬರಲಿಲ್ಲ, ತಮಗೆ ಡೈರೆಕ್ಟರಿ ಬಂದ ಮೇಲೆ ಅದೇ ಬ್ರಹ್ಮಾಸ್ತ್ರ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋದು ಶೇರು ಕೊಂಡವರಿಗೂ ಅನ್ವಯಿಸುತ್ತೆ.

ಹಾಗಂತ ಕರಡಿಗಳಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕಾಗಿಲ್ಲ. "ಮೈಕ್ರೋಸಾಫ್ಟ್ ಬಂತು, ಮುಗೀತು" ಅನ್ನೋದು ಗೆದ್ದೆತ್ತಿನ ಬಾಲ ಹಿಡಿಯುವ ಮಾತು. ಅದರಲ್ಲಿ ಯಾಕೆ ಅನ್ನೋದೂ ಇಲ್ಲ, ಯಾವಾಗ ಅನ್ನೋದೂ ಇಲ್ಲ. ನೊವೆಲ್‌ನ ನಿಜವಾದ ಗಾಯಗಳಲ್ಲಿ ಎಷ್ಟೋ ಸ್ವಂತ ಕೈಯಿಂದ ಆದವು. 1994ರಲ್ಲಿ ಅದು ವರ್ಡ್‌ಪರ್ಫೆಕ್ಟನ್ನು ಭಾರಿ ಬೆಲೆಗೆ ಕೊಂಡು, ಎರಡೇ ವರ್ಷದಲ್ಲಿ ಅದರ ಸಣ್ಣ ಭಾಗದಷ್ಟು ಬೆಲೆಗೆ ಕೋರೆಲ್‌ಗೆ ಮಾರಿತು. 1993ರಲ್ಲಿ ಎಟಿ ಅಂಡ್ ಟಿಯಿಂದ ಯುನಿಕ್ಸ್ ಕೊಂಡು, 1995ರಲ್ಲಿ ಆ ವ್ಯವಹಾರವನ್ನು ಎಸ್‌ಸಿಒಗೆ ದಾಟಿಸಿತು. ಎನ್‌ಟಿ ಇನ್ನೂ ಅಂಬೆಗಾಲಿಡುತ್ತಿದ್ದ ಆ ವರ್ಷಗಳಲ್ಲೇ ನೆಟ್‌ವೇರನ್ನು ಅಪ್ಲಿಕೇಶನ್‌ಗಳು ಓಡುವ ಜಾಗವನ್ನಾಗಿ ಮಾಡಬೇಕಿತ್ತು. ನೊವೆಲ್ ಆಗ ಬಿಲ್ ಗೇಟ್ಸ್ ಜೊತೆ ವರ್ಡ್ ಪ್ರೊಸೆಸರ್ ಯುದ್ಧಕ್ಕೆ ಹೊರಟಿತ್ತು. ಎದುರಾಳಿಯ ಗಾತ್ರ ಮಾತ್ರ ನೋಡಿದವರಿಗೆ ಇದು ಕಾಣಲಿಲ್ಲ.

ಸಮಯದ ಲೆಕ್ಕದಲ್ಲೂ ಕರಡಿಗಳು ಚೆನ್ನಾಗಿ ಪೆಟ್ಟು ತಿಂದರು. 1997ರಲ್ಲಿ 10 ಡಾಲರ್‌ಗಿಂತ ಕೆಳಗೆ ತೂಗಾಡುತ್ತಿದ್ದ ಶೇರು 2000ದ ಆರಂಭದಲ್ಲಿ 40 ಡಾಲರ್ ದಾಟಿತು. ಗೂಳಿಗಳು ಹಬ್ಬ ಮಾಡಿದರು. ಆದರೆ ಆ ಕಾಲದಲ್ಲಿ ಇಂಟರ್ನೆಟ್ ಅನ್ನೋ ಪದ ಹಚ್ಚಿಕೊಂಡ ಕಂಪನಿಯೆಲ್ಲ ಏರುತ್ತಿತ್ತು. ನೀರು ಏರಿದಾಗ ದೋಣಿಯ ತೂತು ಕಾಣಿಸಲ್ಲ. 2000ದ ಮೇ ತಿಂಗಳಲ್ಲಿ ಆದಾಯ ನಿರೀಕ್ಷೆಗಿಂತ ಕಡಿಮೆ ಅಂತ ಕಂಪನಿಯೇ ಎಚ್ಚರಿಸಿತು, ಶೇರು ಜಾರಿತು, ವರ್ಷ ಮುಗಿಯುವಾಗ ಮತ್ತೆ 10 ಡಾಲರ್‌ಗಿಂತ ಕೆಳಗೆ. ಅದೇ ವರ್ಷ ಆಕ್ಟಿವ್ ಡೈರೆಕ್ಟರಿ ಬಂದಿತ್ತು. ಎನ್‌ಡಿಎಸ್‌ನಷ್ಟು ಮಾಗಿರಲಿಲ್ಲ, ಆದರೆ ವಿಂಡೋಸ್ ಸರ್ವರ್ ಕೊಂಡವರಿಗೆ ಪುಕ್ಕಟೆ. ಮರುವರ್ಷ ಶ್ಮಿಟ್ ಗೂಗಲ್‌ಗೆ ಹೋದರು. ನೊವೆಲ್ 2003ರಲ್ಲಿ ಸೂಸೆ ಲಿನಕ್ಸ್ ಕೊಳ್ಳುವುದಾಗಿ ಘೋಷಿಸಿತು, 2006ರಲ್ಲಿ ಅದೇ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. 2010ರ ನವೆಂಬರ್‌ನಲ್ಲಿ ಅಟ್ಯಾಚ್‌ಮೇಟ್ ಎಂಬ ಕಂಪನಿ ಒಂದು ಶೇರಿಗೆ 6.10 ಡಾಲರ್‌ನಂತೆ, ಒಟ್ಟು 220 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಮೇಲೆ ಹೇಳಿದ 40 ಡಾಲರ್‌ನಲ್ಲಿ ಕೊಂಡು, "ಪ್ರಾಡಕ್ಟ್ ಚೆನ್ನಾಗಿದೆ, ಕಾಯೋಣ" ಅಂತ ಹತ್ತು ವರ್ಷ ಕೂತವರಿಗೆ ಕೊನೆಗೆ ಕೈಗೆ ಬಂದದ್ದು ಆ ಆರು ಚಿಲ್ಲರೆ ಡಾಲರ್.

ನೊವೆಲ್ ಬೇರೆ ಏನು ಮಾಡಬಹುದಿತ್ತು? ಅದು ಎನ್‌ಡಿಎಸ್ ಫಾರ್ ಎನ್‌ಟಿ ತಂದಿತು, ಸೊಲಾರಿಸ್‌ಗೂ ಡೈರೆಕ್ಟರಿಯನ್ನು ಕೊಟ್ಟಿತು. ಚಟ್ನಿಯನ್ನು ಎಲ್ಲ ಹೋಟೆಲಿಗೂ ಸಪ್ಲೈ ಮಾಡುವ ಯೋಚನೆ ಅದು, ಕೆಟ್ಟದ್ದೇನಲ್ಲ. ಆದರೆ ಪ್ರತಿ ಹೆಜ್ಜೆಯೂ ಗ್ರಾಹಕರಿಗೆ "ನೀವು ಎನ್‌ಟಿಗೆ ಹೋಗಬಹುದು, ನಾವು ಅಲ್ಲಿಗೂ ಬರ್ತೀವಿ" ಅಂತ ಹೇಳಿದ ಹಾಗಾಯಿತು. ನೆಟ್‌ವೇರ್ ಮಾರಾಟದಿಂದಲೇ ಸಂಬಳ ಕೊಡಬೇಕಾದ ಕಂಪನಿ ನೆಟ್‌ವೇರ್ ಬಿಟ್ಟುಹೋಗುವ ದಾರಿಯನ್ನು ತಾನೇ ಸಲೀಸು ಮಾಡಬೇಕಿತ್ತು. ಹೂಡಿಕೆದಾರರು ಮ್ಯಾನೇಜ್‌ಮೆಂಟನ್ನು ಕೇಳಬೇಕಿದ್ದದ್ದು ಇದನ್ನೇ: ಹಳೆಯ ಆದಾಯ ಕರಗುವ ವೇಗ ಎಷ್ಟು, ಹೊಸದು ಬರುವ ವೇಗ ಎಷ್ಟು? ಅದು ಬಿಟ್ಟು ಯಾರ ಡೈರೆಕ್ಟರಿ ಮೇಲು ಅಂತ ಗಂಟಲು ಹರಿದುಕೊಂಡರು.

ಹಳೇ ಕಥೆ ಈಗ ಯಾಕೆ ಅಂತೀರಾ? ಸ್ಲ್ಯಾಕ್ ಮತ್ತು ಟೀಮ್ಸ್ ನೆನಪಿಸಿಕೊಳ್ಳಿ. ಬಳಸಿದವರಲ್ಲಿ ಬಹಳಷ್ಟು ಜನ ಸ್ಲ್ಯಾಕನ್ನೇ ಹೊಗಳ್ತಾರೆ. ಆದರೆ ಆಫೀಸ್ ಪ್ಯಾಕೇಜಿನ ಜೊತೆ ಟೀಮ್ಸ್ ತಾನಾಗಿ ಬಂತು, ಸ್ಲ್ಯಾಕ್ 2021ರಲ್ಲಿ ಸೇಲ್ಸ್‌ಫೋರ್ಸ್‌ನ ತೆಕ್ಕೆಗೆ ಹೋಯಿತು. ಅಂಗಡಿ ಬೇರೆ, ಚಟ್ನಿಯ ಕಥೆ ಅದೇ.

ನಮ್ಮಲ್ಲಿ ಬಹಳಷ್ಟು ಜನರ ಉಳಿತಾಯದ ದೊಡ್ಡ ಪಾಲು ನಾವೇ ಕೆಲಸ ಮಾಡುವ ಕಂಪನಿಯ ಆರ್‌ಎಸ್‌ಯು, ಇಸಾಪ್‌ಗಳಲ್ಲಿ ಕೂತಿದೆ. ಸಂಬಳವೂ ಅಲ್ಲಿಂದ, ಉಳಿತಾಯವೂ ಅಲ್ಲೇ, ಹೋಮ್ ಲೋನ್ ಧೈರ್ಯವೂ ಅದರ ಮೇಲೆ. ಜೊತೆಗೆ ಆ ಕೋಡ್ ಬರೆದವರು ನಾವೇ, ಎದುರಾಳಿಯದ್ದು ಎಷ್ಟು ಕಳಪೆ ಅಂತ ನಮಗೇ ಚೆನ್ನಾಗಿ ಗೊತ್ತು. ನೊವೆಲ್ ಗೂಳಿಗಳಿಗೂ ಇಷ್ಟೇ ಚೆನ್ನಾಗಿ ಗೊತ್ತಿತ್ತು. ಮುಂದಿನ ಸಲ ಶೇರು ಕೈಗೆ ಬಂದಾಗ, ಇಟ್ಟುಕೊಳ್ಳೋದಾ ಮಾರೋದಾ ಅಂತ ನಿರ್ಧರಿಸುವ ಮೊದಲು ಎಂಜಿನಿಯರಿಂಗ್ ಟೀಮನ್ನು ಬಿಟ್ಟು ಸೇಲ್ಸ್‌ನವರೊಬ್ಬರ ಜೊತೆ ಕಾಫಿ ಕುಡೀರಿ. ಗ್ರಾಹಕರು ಬರೋದು ಯಾವುದಕ್ಕೆ, ನಾವು ಮಾರುವುದನ್ನು ಬೇರೆ ಯಾರಾದರೂ ತಮ್ಮ ತಟ್ಟೆಯಲ್ಲಿ ಪುಕ್ಕಟೆ ಹಾಕಿ ಕೊಡ್ತಿದ್ದಾರಾ ಅಂತ ಕೇಳಿ. ಅವರು ಉತ್ತರ ಕೊಡೋಕೆ ಮುಂಚೆ ಸ್ವಲ್ಪ ಹೊತ್ತು ಲೋಟ ತಿರುಗಿಸ್ತಾ ಕೂತರೆ, ಒಂದಷ್ಟು ಶೇರನ್ನಾದರೂ ಮಾರಿ ಬೇರೆ ಕಡೆ ಹಾಕಿ.